ಹದಿನೆಂಟು ಹೆಜ್ಜೆಯಾಚೆಯ ಗುರಿ

ಕಂಬವನ್ನು ಸೀಳಿ, ಅರ್ಧ ಮೃಗವಾಗಿ ಅರ್ಧ ಮಾನವನಾಗಿ ಮೂಡಿಬಂದ ಸ್ವಾಮಿಗೆ ಮೊದಲ ನಮಸ್ಕಾರ. ಮೃಗದ ವೇದನೆಗೂ ಮನುಷ್ಯನ ವೇದನೆಗೂ ತನ್ನ ಒಂದೇ ಶರೀರದಲ್ಲಿ ಎಡೆಕೊಟ್ಟ ಆ ನರಹರಿಯು ಈ ಬರಹವನ್ನು ನಡೆಸಲಿ. ಅತಿಶಯೋಕ್ತಿಯಿಂದ ಇದನ್ನು ಕಾಯಲಿ.

ಮುಳಬಾಗಿಲು ತಾಲ್ಲೂಕಿನ ಬೈರಕೂರಿನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ರಾಗಿ ಕಣದ ಅಂಚಿನಲ್ಲಿ ಐವತ್ತೆರಡು ವರ್ಷದ ಆಂಜಿನಪ್ಪ ಖಾಲಿ ಬಂದೂಕು ಹಿಡಿದು ಮಂಡಿಯೂರಿದ್ದಾರೆ. ಹದಿನೆಂಟು ಹೆಜ್ಜೆಯಾಚೆ ಎರಡು ಬೇವಿನ ಮರಗಳ ನಡುವಿನ ಹಗ್ಗದ ಮೇಲೆ ಹಳೆಯ ಹಳದಿ ಸೀರೆಯೊಂದು ಅತ್ತಿತ್ತ ಸರಿಯುತ್ತಿದೆ. ಸೀರೆಯ ತುಂಬ ಮಸಿಯಲ್ಲಿ ಇಟ್ಟ ಚುಕ್ಕೆಗಳು. ಅವುಗಳ ನಡುವೆ ಅಂಗೈಯಗಲದ ಜಾಗಕ್ಕೆ ಕೆಂಪು ದಾರದ ಹೊಲಿಗೆ. ಬಂದೂಕಿನ ಮೇಲೆ ಕೂರಿಸಿದ ದುರ್ಬೀನಿನಂಥ ಸ್ಕೋಪಿಗೆ ಕಣ್ಣಿಟ್ಟು ಮೂರು ಎಣಿಸುವುದರೊಳಗೆ ಆ ಹೊಲಿಗೆ ಸಿಗಬೇಕು. ಬಾವಿಯ ಕಟ್ಟೆಯ ಮರೆಯಲ್ಲಿ ಕುಳಿತು ಹಗ್ಗ ಎಳೆಯುತ್ತಿರುವವರು ಅವರ ಪತ್ನಿ ಭಾರತಮ್ಮ. ಇವರ ಬಗ್ಗೆ ಬರೆಯಲು ಬಂದ ನಾನು ಕಣದ ಬದಿಯಲ್ಲಿ ನಿಂತು ನೋಡುತ್ತಿದ್ದೇನೆ.

“ಬೇಗ ಎಳಿಯೇ. ಚಿರತೆ ಏನು ಮದುವಣಗಿತ್ತಿ ತರ ನಡೀತದಾ?”

“ನಿನ್ ಚಿರತೆಗೆ ಭುಜ ನೋಯ್ತದೆ ಕಣಯ್ಯಾ. ಇಷ್ಟರಲ್ಲೇ ನೋಡ್ಕೋ.”

ಆಂಜಿನಪ್ಪ ಬೇಟೆಗಾರರಲ್ಲ. ಅರಣ್ಯ ಇಲಾಖೆಯಲ್ಲಿ ದಿನಗೂಲಿ ನೌಕರರು. ಊರೊಳಗೆ ಸಿಲುಕಿಕೊಂಡ ಕಾಡುಪ್ರಾಣಿಗೆ ದೂರದಿಂದಲೇ ಅರಿವಳಿಕೆಯ ಸೂಜಿ ಹೊಡೆದು ಮಲಗಿಸುವುದು ಅವರ ಕೆಲಸ. ವೈದ್ಯೆ ಹರಿಪ್ರಿಯಾ ಔಷಧವನ್ನು ಅಳೆದು ಸೂಜಿಗೆ ತುಂಬುತ್ತಾರೆ. ತೊಡೆಯ ದಪ್ಪ ಮಾಂಸಕ್ಕೆ ಅದನ್ನು ಮುಟ್ಟಿಸುವ ಹೊಣೆ ಇವರದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳಲ್ಲಿ ಈ ಕೆಲಸಕ್ಕೆ ಇವರನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಹನ್ನೊಂದು ವರ್ಷಗಳಲ್ಲಿ ನಲವತ್ತಮೂರು ಪ್ರಾಣಿಗಳು. ಅವುಗಳಲ್ಲಿ ಮೂವತ್ತೊಂದು, ಹಂದಿಗೆಂದು ತೋಟದ ಬೇಲಿಗೆ ಕಟ್ಟಿದ ಬೈಕಿನ ಕ್ಲಚ್ ವೈರಿನ ಉರುಳಿಗೆ ಬಿದ್ದವು. ಎಲ್ಲ ಸೇರಿ ಬದುಕಿ ಕಾಡಿಗೆ ಮರಳಿದವು ಹತ್ತೊಂಬತ್ತು ಮಾತ್ರ.

ಉಳಿಯದವುಗಳಲ್ಲಿ ಒಂದನ್ನು ಅವರು ತಮ್ಮ ಕೈಯಿಂದಾದ ಸಾವು ಎಂದೇ ಹೇಳುತ್ತಾರೆ. ಎರಡು ವರ್ಷದ ಹಿಂದೆ ಹಳೆಯ ಸ್ಕೋಪಿನ ಗಾಜಿಗೆ ಬೂಷ್ಟು ಹಿಡಿಯಿತು. ಆರು ಸಾವಿರ ರೂಪಾಯಿಯೊಳಗೆ ಹೊಸದೊಂದನ್ನು ಆರಿಸಿ ತರುವಂತೆ ಇಲಾಖೆಯವರು ಇವರಿಗೇ ಹೇಳಿದರು.

“ಅದೇ ಕಾಸಿಗೆ ನಾಲ್ಕು ಪಟ್ಟು ದೊಡ್ಡದಾಗಿ ತೋರ್ಸೋದೂ ಇತ್ತು, ಹತ್ತು ಪಟ್ಟು ತೋರ್ಸೋದೂ ಇತ್ತು. ದೊಡ್ಡದಾಗಿ ಕಂಡ್ರೆ ಒಳ್ಳೇದಲ್ವಾ ಸ್ವಾಮಿ? ಅಂಗಡಿ ಬಾಗ್ಲಲ್ಲಿ ನಿಂತು ದೂರದ್ ಟವರ್ ನೋಡ್ದೆ. ಅದರ್ ಮೇಲೆ ಕೂತಿದ್ ಕಾಗೆ ಕೊಕ್ಕು ಕಾಣಿಸ್ತು. ಕಟ್ಕೊಡಪ್ಪ ಅಂದ್ಬಿಟ್ಟೆ.”

ಕಾಗೆಯಿದ್ದುದು ಅರ್ಧ ಮೈಲಿ ದೂರದಲ್ಲಿ. ಹೋಳೂರಿನ ಬೇಲಿಯಲ್ಲಿ ಸಿಲುಕಿದ್ದ ಹೆಣ್ಣು ಚಿರತೆಯಿದ್ದುದು ಹದಿನೆಂಟು ಹೆಜ್ಜೆಯಾಚೆ. “ಕಣ್ ತುಂಬಾ ಬರೀ ಚುಕ್ಕೆ, ಅದೂ ಮಸುಕು ಮಸುಕು. ತೊಡೆ ಯಾವ್ದು ಹೊಟ್ಟೆ ಯಾವ್ದು ಗೊತ್ತಾಗ್ಲಿಲ್ಲ. ತೊಡೆ ಅನ್ಕೊಂಡ್ ಒತ್ತಿದೆ.” ಸೂಜಿ ಹೊಟ್ಟೆಯನ್ನು ಹೊಕ್ಕಿತು. ನೋವಿಗೆ ಹುಚ್ಚೆದ್ದ ಪ್ರಾಣಿ ಉರುಳನ್ನು ಇನ್ನಷ್ಟು ಬಿಗಿದುಕೊಂಡು, ಮಧ್ಯಾಹ್ನದವರೆಗೆ ಅರಚಿ ಸತ್ತಿತು. ಅಂದೇ ಅವರು ವೈದ್ಯೆಗೆ ಹೇಳಿದರು: “ಇನ್ನೊಂದ್ಸಲ ಹಿಂಗಾದ್ರೆ ಬಂದೂಕು ಮುಟ್ಟಲ್ಲ, ಮೇಡಮ್.”

ಆಮೇಲೆ ಆ ಸ್ಕೋಪನ್ನು ಕಿತ್ತಿಟ್ಟು ಬರಿಗಣ್ಣಿನಲ್ಲೇ ಗುರಿಯಿಟ್ಟರು. ವಯಸ್ಸಿನ ಕಣ್ಣು ಅದಕ್ಕೂ ಬಹಳ ಕಾಲ ಒಪ್ಪಲಿಲ್ಲ. ಹೋದ ತಿಂಗಳು ಮತ್ತೆ ಅಂಗಡಿ ಮೆಟ್ಟಿಲು ಹತ್ತಿದಾಗ ಜೊತೆಗೆ ಭಾರತಮ್ಮನೂ ಇದ್ದರು, ಕಂಕುಳಲ್ಲಿ ಚುಕ್ಕೆಯ ಸೀರೆಯೂ ಇತ್ತು.

“ಸೀರೆ ಬದಲಾಯ್ಸೋ ಅಂಗಡಿ ಮುಂದಿನ್ ಬೀದೀಲಿದೆ ಕಣಮ್ಮಾ,” ಎಂದು ಅಂಗಡಿಯವನು ನಕ್ಕನಂತೆ.

“ಉಟ್ಕೊಳ್ಳೋಕಲ್ಲ ಕಣಪ್ಪಾ. ಈಗ ನಾನೇ ಚಿರತೆ. ಸ್ವಲ್ಪ ದೂರ ನಿಂತ್ಕೋ, ಕಚ್ಚಿಬಿಟ್ಟೇನು,” ಎಂದು ಭಾರತಮ್ಮ ಬೀದಿಗಿಳಿದು, ಹದಿನೆಂಟು ಹೆಜ್ಜೆ ಎಣಿಸಿ, ಸೀರೆಯನ್ನು ಅಗಲಿಸಿ ಹಿಡಿದು ಅಡ್ಡಾಡಿದರು. ಆಂಜಿನಪ್ಪ ಬಂದೂಕಿಗೆ ಹಾಕದೆ ಬರೀ ಸ್ಕೋಪುಗಳನ್ನು ಒಂದೊಂದಾಗಿ ಕಣ್ಣಿಗಿಟ್ಟರು. ಕೆಂಪು ದೀಪ ಹೊತ್ತುವುದನ್ನೂ, ದಪ್ಪ ಗಾಜಿನದನ್ನೂ ಸೇರಿಸಿ ಐದನ್ನು ಪಕ್ಕಕ್ಕಿಟ್ಟರು. ಆರನೆಯದು ಹತ್ತಿರದ ಗುರಿಗೆ ಹೊಡೆಯುವ ಏರ್‌ಗನ್ನಿಗೆಂದು ಮಾಡಿದ್ದು. ನಾಲ್ಕೇ ಪಟ್ಟು ತೋರಿಸುವ, ನೋಡಲು ಬಡಪಾಯಿಯಾದ ಕೊಳವೆ. ಅದರಲ್ಲಿ ಸೀರೆಯ ಅಂಚೂ ಕಂಡಿತು, ಹೊಲಿಗೆಯೂ ಕಂಡಿತು. ಅದನ್ನು ಬಂದೂಕಿಗೆ ಕೂರಿಸಿ, ಹುಲ್ಲಿನ ಮೂಟೆಗೆ ನೀರು ತುಂಬಿದ ಸೂಜಿ ಹೊಡೆದು, ಸ್ಕೋಪಿನ ಗುರುತೂ ಸೂಜಿ ನಾಟುವ ಜಾಗವೂ ಒಂದಾಗುವಂತೆ ಹೊಂದಿಸಿದರು. ನಾಲ್ಕು ದಿನ ಜೀಪಿನಲ್ಲಿ ಹಳ್ಳದಿಣ್ಣೆ ಸುತ್ತಿಸಿ ಮತ್ತೆ ಹೊಡೆದರು. ಗುರುತು ಕದಲಿರಲಿಲ್ಲ. ಆದರೆ ಜೀವವಿರುವ ಗುರಿ ಮಾತ್ರ ಅದಕ್ಕೆ ಇನ್ನೂ ಸಿಕ್ಕಿಲ್ಲ.

ಭಾರತಮ್ಮ ಹಗ್ಗ ಸುತ್ತಿಡುವಷ್ಟರಲ್ಲಿ ಫೋನು ಬರುತ್ತದೆ. ಶ್ರೀನಿವಾಸಪುರ ತಾಲ್ಲೂಕು, ಯಲ್ದೂರಿನ ಮಾವಿನ ತೋಟ. ಉರುಳಿನಲ್ಲಿ ಚಿರತೆ.

ಜೀಪಿನಲ್ಲಿ ಅವರು ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಸ್ಕೋಪಿನ ಗಾಜು ಒರೆಸುತ್ತಾರೆ. ಇಂದು ಸೂಜಿ ತಪ್ಪಿದರೆ ಪ್ರಾಣಿಯ ಜೊತೆಗೆ ಈ ಕೆಲಸವೂ ಮುಗಿಯುತ್ತದೆ ಎಂಬುದು ಪಕ್ಕದಲ್ಲಿ ಕುಳಿತ ನನಗೆ ಗೊತ್ತು. ತೋಟದ ಬಾಗಿಲಲ್ಲಿ ಮಾಲೀಕ ರಾಮಚಂದ್ರಪ್ಪ ಕೈ ಹಿಸುಕಿಕೊಳ್ಳುತ್ತಾ ನಿಂತಿದ್ದಾರೆ.

“ಹಂದಿಗಿಕ್ಕಿದ್ದಣ್ಣಾ. ಇದು ಬರ್ತದೆ ಅಂತ ಯಾರಿಗ್ ಗೊತ್ತಿತ್ತು?”

“ಎಲ್ಲಾ ತೋಟದಲ್ಲೂ ಇದೇ ಮಾತು ಕೇಳ್ತೀನಪ್ಪಾ. ಜನಾನ ಹಿಂದಕ್ ಕಳ್ಸು.”

ಸೊಂಟಕ್ಕೆ ವೈರು ಬಿಗಿದ ಗಂಡು ಚಿರತೆ ಬೇಲಿಯ ಬುಡದ ಮಣ್ಣನ್ನೆಲ್ಲ ಕೆದರಿ ಹಾಕಿದೆ. ಅರಚುವ ಶಕ್ತಿಯೂ ಕುಂದಿ, ಗಂಟಲಿನಿಂದ ಗೊರಗೊರ ಸದ್ದು ಮಾತ್ರ ಬರುತ್ತಿದೆ. ಆಗಲೇ ಬಂದಿರುವ ವೈದ್ಯೆ ತುಂಬಿಕೊಟ್ಟ ಸೂಜಿಯನ್ನು ಬಂದೂಕಿಗೆ ಸೇರಿಸಿ ಆಂಜಿನಪ್ಪ ಮಂಡಿಯೂರುತ್ತಾರೆ. ಪ್ರಾಣಿ ಹೊರಳುತ್ತದೆ, ಅವರು ಒತ್ತುವುದಿಲ್ಲ. ಮತ್ತೆ ಹೊರಳುತ್ತದೆ, ಆಗಲೂ ಒತ್ತುವುದಿಲ್ಲ. ಮೂರನೆಯ ಸಲ ಹಿಂಗಾಲು ಚಾಚಿದಾಗ ಟಪ್ಪೆಂದು ಸಣ್ಣ ಸದ್ದು. ಸೂಜಿಯ ಕೆಂಪು ಕುಚ್ಚು ತೊಡೆಯ ನಟ್ಟನಡುವೆ ನಿಂತಿದೆ. ಹನ್ನೆರಡು ನಿಮಿಷಗಳಲ್ಲಿ ಚಿರತೆ ತಲೆಯನ್ನು ನೆಲಕ್ಕಿಡುತ್ತದೆ.

ವೈದ್ಯೆ ವೈರನ್ನು ಕತ್ತರಿಸಿ, ಗಾಯವನ್ನು ಬಿಡಿಸಿ ನೋಡುತ್ತಾರೆ. ಬಹಳ ಹೊತ್ತು ನೋಡುತ್ತಾರೆ.

“ಕರುಳೇ ಕತ್ತರಿಸಿಹೋಗಿದೆ, ಆಂಜಿನಪ್ಪನೋರೇ. ಇದು ಉಳಿಯಲ್ಲ. ಎಬ್ಬಿಸಿದ್ರೆ ಬರೀ ನೋವಿಗೆ ಎಬ್ಬಿಸಿದ ಹಾಗೆ.”

ದಯಾಮರಣಕ್ಕೆ ಮೇಲಧಿಕಾರಿಗಳ ಅನುಮತಿ ಫೋನಿನಲ್ಲಿ ಬರುತ್ತದೆ. ವೈದ್ಯೆ ಎರಡನೆಯ ಸೂಜಿಯನ್ನು ತಮ್ಮ ಕೈಯಿಂದಲೇ ಕೊಡುತ್ತಾರೆ. ಪಕ್ಕೆಯ ಏರಿಳಿತ ನಿಲ್ಲುವವರೆಗೂ ಆಂಜಿನಪ್ಪ ಅದರ ತಲೆಯ ಬಳಿ ಕುಳಿತಿರುತ್ತಾರೆ. ಆಮೇಲೆ ಎದ್ದು, ಯಾರನ್ನೂ ಕೇಳದೆ, ತೋಟದ ಬೇಲಿಯುದ್ದಕ್ಕೂ ನಡೆದು ಇನ್ನೂ ಏಳು ಉರುಳುಗಳನ್ನು ಬಿಚ್ಚಿ ತರುತ್ತಾರೆ. ರಾಮಚಂದ್ರಪ್ಪ ತಡೆಯುವುದಿಲ್ಲ, ಎಂಟನೆಯದು ಎಲ್ಲಿದೆ ಎಂದು ತಾವೇ ತೋರಿಸುತ್ತಾರೆ.

ಉರುಳುಗಳನ್ನೆಲ್ಲ ಜೀಪಿಗೆ ಹಾಕಿ ಆಂಜಿನಪ್ಪ ನನ್ನ ಕಡೆ ತಿರುಗುತ್ತಾರೆ.

“ಹೋಳೂರಿಂದು ಅರಚ್ಕೊಂಡ್ ಹೋಯ್ತು ಸ್ವಾಮಿ. ಇದು ನಿದ್ದೇಲಿ ಹೋಯ್ತು. ನನ್ ಕೈಲಾಗಿದ್ದು ಅಷ್ಟು. ನಾಳೆ ಫೋನ್ ಬಂದ್ರೂ ಹೋಗ್ತೀನಿ. ಬರದೇ ಇದ್ರೆ ಸಾಕು ಅನ್ನೋದೊಂದೇ ಆಸೆ.”

ಇದನ್ನು ಓದಿದವರಿಗೂ, ಓದಿಸಿ ಕೇಳಿದವರಿಗೂ ಮಂಗಳವಾಗಲಿ. ನಿಮ್ಮ ತೋಟಗಳು ಫಲಿಸಲಿ. ನಿಮ್ಮ ಬೇಲಿಗಳು ಯಾವ ಜೀವದ ರಕ್ತವನ್ನೂ ಕಾಣದಿರಲಿ. ನಿಮ್ಮ ಅಂತ್ಯಕಾಲದ ನೋವಿನಲ್ಲಿ, ಕೈ ನಡುಗದವರೊಬ್ಬರು ನಿಮ್ಮ ತಲೆಯ ಬಳಿ ಕುಳಿತಿರಲಿ.