ಹತ್ತು ಯಂತ್ರಗಳಿಗೆ ಒಂದೇ ಪ್ರತಿ

ಹರಿಹರದ ಕಂಪ್ಯೂಟರ್ ಸೆಂಟರಿನಲ್ಲಿ ಒಂದೇ ಬೆಳಿಗ್ಗೆ ಹತ್ತೂ ಯಂತ್ರಗಳು ಕೆಟ್ಟು ನಿಂತದ್ದು ಶಾಂತಕ್ಕನಿಂದಲ್ಲ, ನನ್ನಿಂದ. ಇದು ನನಗೆ ಅಂದೇ ಗೊತ್ತಿತ್ತು. ಅಂದೇ ಅಲ್ಲ — ಅದಕ್ಕೂ ಎಷ್ಟೋ ವಾರ ಮೊದಲೇ ಗೊತ್ತಿತ್ತು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ದಾವಣಗೆರೆಯ ವಿದ್ಯಾನಗರದಲ್ಲಿ ಕಂಪ್ಯೂಟರ್ ಕಲಿಸುವ ಒಂದು ಸಂಸ್ಥೆಯಲ್ಲಿ ನಾನು ಕೆಲಸಕ್ಕಿದ್ದೆ. ಪಾಠ ಹೇಳುವ ಹೆಣ್ಣುಮಕ್ಕಳು ಬೇರೆಯವರೂ ಇದ್ದರು. ಸ್ಕ್ರೂಡ್ರೈವರ್ ಹಿಡಿದು ಡಬ್ಬಿ ಬಿಚ್ಚುವವಳು ನಾನೊಬ್ಬಳೇ. ಆ ಹೆಮ್ಮೆ ನನಗೆ ಬಹಳವಿತ್ತು. ಮಾಲೀಕರಾದ ರುದ್ರಪ್ಪನವರು ಹರಿಹರದಲ್ಲಿ ಇನ್ನೊಂದು ಶಾಖೆ ತೆರೆದಾಗ, ಹತ್ತು ಹೊಸ ಯಂತ್ರಗಳನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದೊಂದಕ್ಕೂ ಎಲ್ಲವನ್ನೂ ಮೊದಲಿನಿಂದ ತುಂಬುತ್ತ ಕೂತರೆ ವಾರ ಹಿಡಿಯುತ್ತಿತ್ತು. ನಾನು ಬೇರೆ ದಾರಿ ಕಲಿತಿದ್ದೆ — ನನ್ನ ಮೇಜಿನ ಯಂತ್ರವನ್ನು ಸಜ್ಜುಗೊಳಿಸಿ, ಅದರಲ್ಲಿದ್ದುದನ್ನೆಲ್ಲ ಒಂದು ಹಾರ್ಡ್‌ಡಿಸ್ಕಿಗೆ ಬ್ಯಾಕಪ್ ತೆಗೆದು, ಆ ಒಂದೇ ಪ್ರತಿಯನ್ನು ಹತ್ತಕ್ಕೂ ಇಳಿಸುವುದು. ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಸಂಜೆಯೊಳಗೆ ಹತ್ತೂ ಪರದೆಗಳ ಮೇಲೆ ಒಂದೇ ಚಿತ್ರ. ಅಲ್ಲಿ ಪಾಠ ಹೇಳಲು ಹೊಸದಾಗಿ ಸೇರಿದ್ದ ಶಾಂತಕ್ಕ ಬಾಗಿಲಲ್ಲಿ ನಿಂತು, “ಒಂದೇ ಹೆರಿಗ್ಯಾಗ ಹತ್ತು ಮಕ್ಳು ಹುಟ್ಟಿದಂಗೈತೆ ನೋಡ್ರಿ ಮೇಡಂ,” ಎಂದು ನಕ್ಕರು.

ನನ್ನ ಯಂತ್ರದಲ್ಲಿ ಒಂದು ಇಸ್ಪೀಟಿನ ಆಟವಿತ್ತು. ಚಿಕ್ಕಪ್ಪನ ಮಗನ ಫ್ಲಾಪಿಯಿಂದ ಕದ್ದುಮುಚ್ಚಿ ಹಾಕಿಕೊಂಡದ್ದು. ಬ್ಯಾಕಪ್ ತೆಗೆಯುವ ಮೊದಲು ಆಟವನ್ನು ಅಳಿಸಿದ್ದೆ. ಅದರ ಜೊತೆ ಬಂದಿದ್ದ ವೈರಸ್ಸು ಉಳಿದುಕೊಂಡಿತ್ತು.

ಶಾಂತಕ್ಕ ನನಗಿಂತ ಹತ್ತು-ಹನ್ನೆರಡು ವರ್ಷ ದೊಡ್ಡವರು. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಬೆರಳು ಪಳಗಿಸಿಕೊಂಡಿದ್ದವರು, ಕಂಪ್ಯೂಟರನ್ನು ನನ್ನಿಂದ ಕಲಿತರು. ಅವರ ಅತ್ತೆ ಗೌರಮ್ಮ ಲೋಕಿಕೆರೆಯವರು. ಬೀಸುವ ಪದ, ಮದುವೆಯ ಪದ, ತೊಟ್ಟಿಲ ಪದ ಎಲ್ಲ ಅವರ ಬಾಯಲ್ಲಿದ್ದವು. ತರಗತಿಗಳು ಮುಗಿದ ಮೇಲೆ ಶಾಂತಕ್ಕ ಅತ್ತೆಯನ್ನು ಕರೆತಂದು ಪಕ್ಕದ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಮುದುಕಿ ಹಾಡುವುದು, ಸೊಸೆ ನೇರವಾಗಿ ಕನ್ನಡದಲ್ಲಿ ಟೈಪ್ ಮಾಡುವುದು. ಒಮ್ಮೆ ನಾನೂ ಇದ್ದೆ. ಗೌರಮ್ಮ ತಮ್ಮ ಹಾಡು ಅಕ್ಷರವಾಗಿ ಮೂಡುವುದನ್ನು ಕಣ್ಣು ಕಿರಿದು ಮಾಡಿ ನೋಡಿ, “ನಂಗೆ ಓದಾಕ ಬರಲ್ಲ, ಆದ್ರ ನಂದೇ ಅಂತ ಗೊತ್ತಾಗ್ತೈತೆ,” ಅಂದಿದ್ದರು.

“ಒಂದೇ ಕಡೆ ಇಡಬ್ಯಾಡ್ರಿ ಶಾಂತಕ್ಕ,” ಎಂದು ಬುದ್ಧಿ ಹೇಳಿದವಳು ನಾನು. “ಇನ್ನೊಂದು ಯಂತ್ರದಾಗೂ ಕಾಪಿ ಇರ್ಲಿ. ಒಂದು ಹೋದ್ರ ಇನ್ನೊಂದು ಇರ್ತೈತೆ.” ಅವರು ಇನ್ನೂ ಎರಡರಲ್ಲಿ ಇಟ್ಟರು. ಹರಿಹರಕ್ಕೆ ಪ್ರಿಂಟರ್ ಬಂದಿರಲಿಲ್ಲ. ವೈರಸ್ಸಿನ ಭಯಕ್ಕೆ ರುದ್ರಪ್ಪನವರು ಫ್ಲಾಪಿಯನ್ನೇ ನಿಷೇಧಿಸಿದ್ದರು. ಶಾಂತಕ್ಕ ಆ ಮಾತನ್ನು ಒಮ್ಮೆಯೂ ಮೀರಲಿಲ್ಲ. ಮುಂದೆ ಎಂದಾದರೂ ದಾವಣಗೆರೆಯಲ್ಲಿ ಪ್ರಿಂಟ್ ತೆಗೆಸಿಕೊಡುತ್ತೇನೆ ಎಂದು ನಾನು ಹೇಳಿದ್ದೆ — ಹೇಳುತ್ತಲೇ ಇದ್ದೆ. ಅಷ್ಟರಲ್ಲಿ ಗೌರಮ್ಮ ತೀರಿಕೊಂಡರು.

ಶಿವರಾತ್ರಿಯ ಹೊತ್ತಿಗೆ ನಮ್ಮ ಸಂಸ್ಥೆಗೆ ವೈರಸ್ ಹಿಡಿಯುವ ಹೊಸ ಸಿ.ಡಿ. ಬಂತು. ಮೊದಲು ನನ್ನ ಯಂತ್ರಕ್ಕೇ ಹಾಕಿದೆ. ಪರದೆ ತುಂಬ ಕೆಂಪು ಸಾಲುಗಳು. ಬ್ಯಾಕಪ್ಪಿನ ಡಿಸ್ಕಿನಲ್ಲೂ ಅದೇ. ಏಪ್ರಿಲ್ಲಿನ ಒಂದು ಗೊತ್ತಾದ ದಿನದವರೆಗೆ ಸುಮ್ಮನಿದ್ದು, ಆ ದಿನ ಡಿಸ್ಕಿನಲ್ಲಿದ್ದುದನ್ನೆಲ್ಲ ತಿಂದು, ಒಳಗಿನ ಬೋರ್ಡನ್ನೂ ಕೆಡಿಸುವ ವೈರಸ್ಸು ಅದು ಎಂದು ಓದಿದೆ. ನಮ್ಮ ಯಂತ್ರಗಳನ್ನೂ ಆ ಡಿಸ್ಕನ್ನೂ ಯಾರಿಗೂ ಹೇಳದೆ ಸ್ವಚ್ಛ ಮಾಡಿದೆ.

ಹರಿಹರ ಎಷ್ಟು ದೂರ? ಬಸ್ ಹತ್ತಿದರೆ ಬಂದೇಬಿಡುತ್ತದೆ. ಆದರೆ ಅಲ್ಲಿ ಸಿ.ಡಿ. ಹಾಕಿದರೆ ಹತ್ತೂ ಪರದೆಗಳು ಕೆಂಪಾಗುತ್ತವೆ. ಶಾಂತಕ್ಕ ಪಕ್ಕದಲ್ಲೇ ಕೂತು, ಇದು ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಮಾತು ರುದ್ರಪ್ಪನವರಿಗೆ ಮುಟ್ಟುತ್ತದೆ. ಹುಡುಗಿಯ ಕೈಗೆ ಕೊಟ್ಟದ್ದೇ ತಪ್ಪಾಯಿತು ಎಂದು ಅವರು ಅಂದರೆ — ಆ ಒಂದು ಮಾತಿಗೆ ಹೆದರಿದೆ. ಯಾವುದಾದರೂ ಭಾನುವಾರ, ಯಾರೂ ಇಲ್ಲದಾಗ ಹೋದರಾಯಿತು ಅಂದುಕೊಂಡೆ. ಭಾನುವಾರಗಳು ಬಂದವು, ಹೋದವು. ನಾನು...

ಏಪ್ರಿಲ್ಲಿನ ಆ ದಿನ ಬೆಳಿಗ್ಗೆ ಶಾಂತಕ್ಕನ ಫೋನ್ ಬಂತು. “ಮೇಡಂ, ಒಂದೊಂದೇ ಆನ್ ಮಾಡಿದೆ, ಒಂದೊಂದೇ ನಿಂತೋದ್ವು. ಒಂದೂ ಉಳಿದಿಲ್ಲ. ಹೆಂಗಾರ ಮಾಡಿ ಜಲ್ದಿ ಬರ್ರಿ.”

ನಾನು ಹೋಗುವಷ್ಟರಲ್ಲಿ ರುದ್ರಪ್ಪನವರು ಅಲ್ಲಿದ್ದರು. ವಿದ್ಯಾರ್ಥಿಗಳು ಗೋಡೆಗೆ ಒರಗಿ ನಿಂತಿದ್ದರು. “ಯಾರ ಫ್ಲಾಪಿ ಹಾಕಾಕ ಬಿಟ್ಟಿದ್ದಿಯಮ್ಮ?” ಎಂದು ಅವರು ಶಾಂತಕ್ಕನನ್ನು ಕೇಳುತ್ತಿದ್ದರು. ಶಾಂತಕ್ಕ ಯಾರದೂ ಇಲ್ಲ ಎಂದರು. ಆಗ ಅವರು ನನ್ನ ಕಡೆ ತಿರುಗಿದರು. “ನೀನೇ ಹೇಳವ್ವ, ತಿಳಿದಾಕಿ. ಇದು ಹೆಂಗೆ ಬಂತು?”

ಒಂದು ಡಬ್ಬಿಯನ್ನು ಬಿಚ್ಚಿ, ನೋಡಿದಂತೆ ಮಾಡಿ, ನಾನು ಹೇಳಿದೆ: “ಹೊರಗಿನ ಫ್ಲಾಪಿಯಿಂದಾನೇ ಸರ್.”

ಸುಳ್ಳೇನೂ ಅಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡದ್ದು ನೆನಪಿದೆ. ಅದಕ್ಕಿಂತ ನೀಚ ಸುಳ್ಳನ್ನು ನಾನು ಆಡಿಲ್ಲ.

ಶಾಂತಕ್ಕ ವಾದ ಮಾಡಲಿಲ್ಲ. ನನ್ನನ್ನು ಪೂರ್ತಿ ನಂಬಿದ್ದರು. ಆದ್ದರಿಂದ ತಮ್ಮನ್ನೇ ಅನುಮಾನಿಸತೊಡಗಿದರು. “ನಾನು ನೀರು ಕುಡಿಯಾಕ ಹೋದಾಗ ಯಾರಾರ ಹಾಕಿದ್ರೇನೋ... ನಾ ನೋಡ್ಬೇಕಿತ್ತು,” ಅಂದರು. ಆಮೇಲೆ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು — “ಅತ್ತೆ ಹಾಡು?”

ಮೂರು ಕಡೆ ಇಟ್ಟಿದ್ದ ಹಾಡುಗಳು. ಆ ಮೂರು ಯಂತ್ರಗಳೂ ಒಂದೇ ಪ್ರತಿಯ ಮಕ್ಕಳು, ಮೂರೂ ಒಟ್ಟಿಗೆ ಹೋಗಿದ್ದವು.

ಇನ್ನೂ ಒಂದು ಹೇಳಬೇಕು. ಅಂಥ ಡಿಸ್ಕುಗಳಿಂದ ಎಷ್ಟೋ ಜನ ಕಳೆದದ್ದನ್ನು ಮತ್ತೆ ಹೊರತೆಗೆದರೆಂದು ಮುಂದೆ ಓದಿದೆ. ನಾನು ಯಾರನ್ನೂ ವಿಚಾರಿಸಲಿಲ್ಲ. ಯಾರಾದರೂ ತಿಳಿದವರು ಬಂದು ನೋಡಿಯಾರೆಂಬ ದಿಗಿಲಿಗೆ, ಬೋರ್ಡುಗಳನ್ನು ರಿಪೇರಿ ಮಾಡಿಸಿದ ಕೂಡಲೇ, ಸ್ವಚ್ಛ ಮಾಡಿಟ್ಟಿದ್ದ ಅದೇ ಬ್ಯಾಕಪ್ಪನ್ನು ಹತ್ತರ ಮೇಲೂ ಮತ್ತೊಮ್ಮೆ ಇಳಿಸಿಬಿಟ್ಟೆ. ಹಾಡುಗಳು ಅಲ್ಲೆಲ್ಲೋ ಉಸಿರಾಡುತ್ತಿದ್ದರೆ, ಅವುಗಳ ಮೇಲೆ ಮಣ್ಣು ಎಳೆದವಳು ನಾನೇ.

ಶಾಂತಕ್ಕ ಆ ತಿಂಗಳೇ ಕೆಲಸ ಬಿಟ್ಟರು. ಮತ್ತೆಂದೂ ಕಂಪ್ಯೂಟರ್ ಮುಟ್ಟಲಿಲ್ಲವಂತೆ. ನನಗೆ ಬಡ್ತಿ ಸಿಕ್ಕಿತು.

ಈ ವರ್ಷ ದಾವಣಗೆರೆಯಲ್ಲಿ ಒಂದು ಮದುವೆಯಲ್ಲಿ ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನ ಕೈ ಹಿಡಿದುಕೊಂಡು ತಮ್ಮ ಸೊಸೆಗೆ ಪರಿಚಯಿಸಿದರು: “ಇವ್ರೇ ನಂಗೆ ಕಲಿಸಿದ ಮೇಡಂ. ನನ್ನ ಅಜಾಗ್ರತೆಯಿಂದ ಎಲ್ಲಾ ಕಂಪ್ಯೂಟರ್ ಹಾಳಾದ್ರೂ ಒಂದು ಮಾತು ಬೈಲಿಲ್ಲ. ದೊಡ್ಡ ಮನಸ್ಸು.”

ಮರುದಿನ ಹರಿಹರಕ್ಕೆ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಕೇಳಿದ್ದು ಒಂದೇ: “ನೀವು ಒಂದಿನ ಮುಂಚೆ ಫೋನ್ ಮಾಡಿದ್ರೂ ಉಳೀತಿದ್ವಾ?”

“ಉಳೀತಿದ್ವು,” ಅಂದೆ.

ಅವರು ಎದ್ದು ಕಿಟಕಿಯ ಹತ್ತಿರ ನಿಂತರು. “ಅತ್ತೆ ಹಾಡನ್ನ ನಾನೇ ಕೊಂದೆ ಅಂತ ಇಷ್ಟು ವರ್ಷ...” ಅಂದರು. ಕ್ಷಮಿಸಿದೆ ಎಂದು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಹೊರಡುವಾಗ ಇಷ್ಟೇ ಅಂದರು: “ಅವತ್ತು ಎಲ್ರ ಮುಂದ ಹೇಳಿದ್ರಿ. ಇದನ್ನೂ ಎಲ್ರ ಮುಂದ ಹೇಳ್ರಿ.”

ರುದ್ರಪ್ಪನವರು ಈಗಿಲ್ಲ. ಗೋಡೆಗೆ ಒರಗಿ ನಿಂತಿದ್ದ ಆ ವಿದ್ಯಾರ್ಥಿಗಳು ಎಲ್ಲೆಲ್ಲಿದ್ದಾರೋ. ಅವರಲ್ಲಿ ಒಬ್ಬರಾದರೂ ಇದನ್ನು ಓದಲಿ — ಶಾಂತಕ್ಕ ಯಾರ ಫ್ಲಾಪಿಯನ್ನೂ ಹಾಕಲು ಬಿಟ್ಟಿರಲಿಲ್ಲ.