ನಮ್ಮ ಮನೆ ಮೂಗು

ಹೊಸ ಮೂಗು ಹೊತ್ತುಕೊಂಡು ಸಕಲೇಶಪುರದಲ್ಲಿ ಬೆಳಗೋಡಿನ ಬಸ್ಸು ಹತ್ತಿದ ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿಯ ಗಾಜಿನಲ್ಲಿ, ಮೊಬೈಲಿನಲ್ಲಿ, ಕೊನೆಗೆ ಡ್ರೈವರ್ ತಲೆಯ ಮೇಲಿನ ಕನ್ನಡಿಯಲ್ಲೂ ಅದನ್ನೇ ನೋಡಿಕೊಂಡೆ. ನಡುವೆ ಉಬ್ಬಿ ತುದಿಯಲ್ಲಿ ಬಾಗಿದ್ದ ಮೂಗು ಆಪರೇಷನ್ ಆಗಿ ನೆಟ್ಟಗಾಗಿತ್ತು! ಫೋಟೋ ತೆಗೆಯುವಾಗ ಒಮ್ಮೆಯೂ ಪಕ್ಕಕ್ಕೆ ತಿರುಗದ ನಾನು ಇನ್ನು ಬೇಕಾದ ಕಡೆ ತಿರುಗಬಹುದು.

ಅವತ್ತು ಅಣ್ಣನ ಮಗುವಿನ ನಾಮಕರಣ. ಮನೆ ತುಂಬ ನೆಂಟರು. ನಾನು ಒಳಗೆ ಕಾಲಿಟ್ಟದ್ದೇ ತಡ, ಎಲ್ಲರೂ ಮೂಗು ಮುರಿದರು. ಡಾಕ್ಟರು ಅಷ್ಟು ಕಷ್ಟಪಟ್ಟು ನೆಟ್ಟಗೆ ಮಾಡಿದ ಮೂಗಿಗೆ ಇವರ ಮರ್ಯಾದೆ ಇದು!

"ದೇವ್ರು ಕೊಟ್ಟಿದ್ದು ಸಾಲ್ದೇ ಹೋಯ್ತೇನೇ?" ಎಂದರು ಚಿಕ್ಕಮ್ಮ. ಅವರು ತಲೆಗೆ ಹಚ್ಚಿಕೊಂಡಿದ್ದ ಕಪ್ಪು ಬಣ್ಣ ಕಿವಿಯ ಹಿಂದೆ ಇನ್ನೂ ಅಂಟಿತ್ತು. ನನಗೆ ಮೈಯೆಲ್ಲ ಉರಿಯಿತು. ಆದರೂ ಖುಷಿ ಇಳಿಯಲಿಲ್ಲ. ಸೀದಾ ತೊಟ್ಟಿಲ ಬಳಿ ಹೋದೆ.

ಅಲ್ಲಿ ಅಪ್ಪನ ಅಕ್ಕ, ನಮ್ಮ ದೊಡ್ಡತ್ತೆ, ಮಗುವಿನ ಮೂಗು ಸವರುತ್ತ, "ಥೇಟ್ ನಮ್ಮನೆ ಮೂಗು ಕಣ್ರೇ!" ಎಂದು ಸುತ್ತಲಿದ್ದ ಹೆಂಗಸರಿಗೆಲ್ಲ ತೋರಿಸುತ್ತಿದ್ದರು. ನನ್ನನ್ನು ಕಂಡು ಅವರ ಕೈ ನಿಂತಿತು.

"ಹೆಂಗೈತೆ ಅತ್ತೆ?" ಮುಖ ಮುಂದೆ ಮಾಡಿ ಕೇಳಿದೆ.

ಅವರು ತಮ್ಮ ಮೂಗನ್ನು ಮೆಲ್ಲಗೆ ಮುಟ್ಟಿಕೊಂಡರು. "ನಂದು ಹೆಂಗೈತೆ, ಅದನ್ನ ಹೇಳು."

"ನಿಮ್ದಕ್ಕೇನತ್ತೆ, ಭಾರೀ ಚಂದ ಐತೆ!"

"ನಿಂದೂ ಇದೇ ಆಗಿತ್ತಲ್ಲೇ."