ಕ್ಯಾಲಿಫೋರ್ನಿಯಾ ಕಾನೂನಿನ ಕೋವಿ

ಗಂಡ ಕಾನೂನು ಮುರಿಯುತ್ತಾನೆ ಎಂಬುದು ಲೋಲಾಕ್ಷಿಯ ದೂರಲ್ಲ. ಯಾರದೋ ಕಾನೂನನ್ನೆಲ್ಲ ತಂದು ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ ಎಂಬುದೇ ಅವಳ ದೂರು. ಕೆನಡಾದ ಬೋಲ್ಟನ್ನಿನಲ್ಲಿ ಹಿಮ ಬಿದ್ದರೆ ಸೀನಪ್ಪ ತನ್ನ ಮನೆಯ ಮುಂದಿನ ಕಾಲುದಾರಿಯ ಜೊತೆಗೆ ಪಕ್ಕದ ಮನೆಯದನ್ನೂ ತೆರವು ಮಾಡುತ್ತಿದ್ದ. ಗಡಿ ಎಲ್ಲಿ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವ ರಗಳೆ ಬೇಡವೆಂದು. ಖಾಲಿ ರಸ್ತೆಯ ಸ್ಟಾಪ್ ಬೋರ್ಡಿನ ಮುಂದೆ ನಿಂತರೆ ಹಿಂದಿನ ಕಾರಿನವನು ಹಾರ್ನ್ ಒತ್ತುವ ತನಕ ಕದಲುತ್ತಿರಲಿಲ್ಲ. ಅಂಥ ಪುಣ್ಯಾತ್ಮ ಒಂದು ದಿನ ರೈಫಲ್ ಕೊಂಡು ತಂದ.

ಅವನು ವುಡ್‌ಬ್ರಿಡ್ಜಿನ ಒಂದು ವರ್ಕ್‌ಶಾಪಿನಲ್ಲಿ ಲೇತ್ ನಡೆಸುವವನು. ಅಲ್ಲಿ ಜೊತೆಗಿದ್ದ ಜೀನೋ ಎಂಬ ಇಟಲಿಯ ಮುದುಕ ನಿವೃತ್ತನಾಗುವಾಗ ತನ್ನ ಹಳೆಯ ರೈಫಲ್ಲನ್ನು ಇವನಿಗೆ ಮಾರಿದ್ದ. ಸೀನಪ್ಪ ತರಗತಿಗೆ ಹೋಗಿ, ಪರೀಕ್ಷೆ ಪಾಸಾಗಿ, ಲೈಸೆನ್ಸ್ ಮಾಡಿಸಿಕೊಂಡೇ ಅದನ್ನು ಮನೆಗೆ ತಂದು ಬೇಸ್‌ಮೆಂಟಿನ ಉಕ್ಕಿನ ಕಪಾಟಿನಲ್ಲಿಟ್ಟು ಬೀಗ ಹಾಕಿದ. ಬೇಟೆಗೆ ಹೋಗುವವನಲ್ಲ, ಒಂದು ಗುಂಡನ್ನೂ ಕೊಂಡವನಲ್ಲ.

"ಮತ್ತೆ ಎಂತಕ್ಕೆ ಮಾರಾಯ್ರೆ ಇದು?" ಎಂದು ಲೋಲಾಕ್ಷಿ ಕೇಳಿದಳು.

"ಆಯುಧಪೂಜೆಗೆ ಮಣೆ ಮೇಲೆ ಇಡ್ಲಿಕ್ಕೆ. ಊರಲ್ಲಿ ಅಪ್ಪನ ಕೋವಿ ಇಡ್ತಿದ್ದೆವು."

"ನಿಮ್ಮ ಕಾರು ಇಡಿ, ಪಾನ ಸುತ್ತಿಗೆ ಇಡಿ, ನನ್ನ ಹೊಲಿಗೆ ಮೆಷಿನ್ ಇಡಿ. ದೇವರ ಎದುರು ಇದು ಬೇಡ. ತೃಷಾನಂಥ ಸಣ್ಣ ಮಗಳಿರುವ ಮನೆ ಇದು."

ಸೀನಪ್ಪ ರೈಫಲ್ಲನ್ನು ಕಪಾಟಿನಿಂದ ತೆಗೆಯಲಿಲ್ಲ. ಆದರೆ ವರ್ಷ ವರ್ಷವೂ ಆಯುಧಪೂಜೆಯ ದಿನ ಬೆಳಿಗ್ಗೆ ಒಮ್ಮೆ ಕೇಳುವುದನ್ನೂ ಬಿಡಲಿಲ್ಲ. ಅವಳು ಆಗುವುದಿಲ್ಲ ಎನ್ನುವುದನ್ನೂ ಬಿಡಲಿಲ್ಲ.

ಎರಡು ಸಾವಿರದ ಇಸವಿ ಹುಟ್ಟಿದ ಮೇಲೆ ಇದಕ್ಕೊಂದು ಬಾಲ ಹುಟ್ಟಿಕೊಂಡಿತು. ಲೋಲಾಕ್ಷಿಯ ಅಣ್ಣ ಭುಜಂಗ ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಅವನ ಹತ್ತಿರವೂ ಒಂದು ರೈಫಲ್ ಇತ್ತು. ಆ ರಾಜ್ಯದಲ್ಲಿ ಹೊಸ ಕಾನೂನು ಬಂದು, ಅದಕ್ಕೆ ತಕ್ಕಂತೆ ಅವನು ತನ್ನದನ್ನು ಕಡಿದು ಕತ್ತರಿಸಿ ಸರಿ ಮಾಡಿಕೊಳ್ಳುತ್ತಿದ್ದ. ಭಾನುವಾರದ ಫೋನಿನಲ್ಲಿ ಅದನ್ನೇ ವರ್ಣಿಸಿದ. ಸೀನಪ್ಪನಿಗೆ ಅಷ್ಟು ಸಾಕಾಯಿತು.

"ಇಲ್ಲಿಯದ್ದು ಇಲ್ಲಿಯವರನ್ನು ಕೇಳ್ಬಾರ್ದಾ? ಒಂದು ಫೋನ್ ಮಾಡಿ," ಎಂದಳು ಲೋಲಾಕ್ಷಿ.

"ಗುರ್ತ ಇಲ್ಲದವರು ಅರ್ಧ ಹೇಳ್ತಾರೆ. ಭಾವ ನಮ್ಮವರಲ್ವಾ, ಪೂರ್ತಿ ಹೇಳ್ತಾರೆ. ಕ್ಯಾಲಿಫೋರ್ನಿಯಾದಷ್ಟು ಬಿಗಿ ಕಾನೂನು ಎಲ್ಲಿಯೂ ಇಲ್ಲ ಅಂತೆ. ಅದಕ್ಕೆ ಸರಿಯಾದ್ರೆ ಎಲ್ಲದಕ್ಕೂ ಸರಿ."

ಅಲ್ಲಿಗೆ ಗರಾಜಿನಲ್ಲಿ ಕೆಲಸ ಶುರುವಾಯಿತು. ಫೋನು ಸ್ಪೀಕರಿನಲ್ಲಿ, ರೈಫಲ್ ವೈಸಿನ ಹಿಡಿತದಲ್ಲಿ. ಅಲ್ಲಿಂದ ಭಾವ ಹೇಳುವುದು, ಇಲ್ಲಿ ಇವನು ಕತ್ತರಿಸುವುದು. ಪಿಸ್ತೂಲಿನ ಹಾಗೆ ಹಿಡಿಯುವ ಹಿಡಿ ಹೋಯಿತು. ನಳಿಗೆಯ ತುದಿಯಲ್ಲಿ ಬೆಂಕಿ ಮರೆಮಾಡುವ ಕೊಳವೆ ಹೋಯಿತು. ಭುಜಕ್ಕೆ ಒರಗಿಸುವ ಮಡಚು ಬುಡ ಹೋಗಿ ಅದರ ಜಾಗಕ್ಕೆ ಅವನೇ ಕೆತ್ತಿದ ಮೇಪಲ್ ಮರದ ಬುಡ ಬಂತು. ಇಪ್ಪತ್ತು ಗುಂಡು ಹಿಡಿಯುವ ಮ್ಯಾಗಜಿನ್ನಿಗೆ ಒಳಗಿಂದ ರಿವೆಟ್ ಹೊಡೆದು ಹತ್ತೇ ಹಿಡಿಯುವಂತೆ ಮಾಡಿದ. ಕೆಲಸವೇನೋ ಅಚ್ಚುಕಟ್ಟು. ಆದರೆ ಬೇಸಿಗೆಯಿಡೀ ಕಾರು ಹೊರಗೆ, ಕಬ್ಬಿಣದ ಪುಡಿ ಮನೆಯೊಳಗೆ. ಡಿಶ್‌ವಾಷರು ಕೆಟ್ಟು ನಿಂತಿತ್ತು. ಅದನ್ನು ಸರಿಮಾಡಲು ಮಾತ್ರ ಇವನಿಗೆ ಪುರುಸೊತ್ತಿಲ್ಲ. ಪಾತ್ರೆ ತಿಕ್ಕುತ್ತ ಲೋಲಾಕ್ಷಿ ಅಣ್ಣನಿಗೂ ಗಂಡನಿಗೂ ಒಟ್ಟಿಗೆ ಶಾಪ ಹಾಕಿದಳು.

ನವೆಂಬರಿನಲ್ಲಿ ದೇಶಕ್ಕೆ ಚುನಾವಣೆ ಬಂತು. ಬೀದಿಯ ಹುಲ್ಲಿನ ಮೇಲೆಲ್ಲ ಪಕ್ಷಗಳ ಬೋರ್ಡುಗಳು ಎದ್ದವು. ಒಂದು ಶನಿವಾರ ಲೋಲಾಕ್ಷಿ ಬಂಗುಡೆ ಮೀನು ಹುರಿಯುತ್ತಿದ್ದಾಗ ತೃಷಾ ಫೋನು ಹಿಡಿದು ಓಡಿ ಬಂದಳು.

"ಅಮ್ಮಾ, ಇಟ್ಸ್ ದ ಪೊಲೀಸ್. ಡ್ಯಾಡ್ ಟುಕ್ ದ ಗನ್ ದೇರ್!"

ಲೋಲಾಕ್ಷಿ ಒಲೆ ಆರಿಸಿ, ಮಗಳನ್ನು ಪಕ್ಕದ ಮನೆಗೆ ಕಳಿಸಿ, ನೈಟಿಯ ಮೇಲೇ ಕೋಟು ಹಾಕಿಕೊಂಡು ಹೊರಟಳು. ಠಾಣೆಯ ಒಳಕೋಣೆಯಲ್ಲಿ ಸೀನಪ್ಪ ಮದುವೆಗೆ ಬಂದವನಂತೆ ಇಸ್ತ್ರಿ ಅಂಗಿ ತೊಟ್ಟು ಕುಳಿತಿದ್ದ. ಎದುರಿಗೆ ನರೆಗೂದಲ ಹೆಂಗಸು, ಠಾಣೆಯ ಸಾರ್ಜೆಂಟ್. ಮೇಜಿನ ಮೇಲೆ ರೈಫಲ್.

ನಡೆದದ್ದು ಇಷ್ಟು. ಹುಟ್ಟಿದ ಊರಲ್ಲಿ ಚುನಾವಣೆ ಬಂದರೆ ಲೈಸೆನ್ಸಿನ ಕೋವಿಯನ್ನೆಲ್ಲ ಠಾಣೆಯಲ್ಲಿ ಠೇವಣಿ ಇಡಬೇಕು. ಮುಗಿದ ಮೇಲೆ ಚೀಟಿ ತೋರಿಸಿ ವಾಪಸು ತರಬೇಕು. ಇಲ್ಲಿ ಯಾರೂ ಕೇಳದಿದ್ದರೂ ಸೀನಪ್ಪ ತಾನಾಗಿಯೇ ರೈಫಲ್ ಹಿಡಿದು ಠಾಣೆಯ ಬಾಗಿಲು ದೂಡಿ ಒಳಗೆ ಹೋಗಿ, ಎಲೆಕ್ಷನ್ನಿಗೆ ತಂದಿದ್ದೇನೆ, ಚೀಟಿ ಕೊಡಿ ಎಂದಿದ್ದ. ರೈಫಲ್ ಪೆಟ್ಟಿಗೆಯಲ್ಲಿತ್ತು, ಪೆಟ್ಟಿಗೆಗೆ ಬೀಗವಿತ್ತು. ಹಾಗಾಗಿ ಇವನ ಮೈಮೇಲೆ ಯಾರೂ ಬೀಳಲಿಲ್ಲ.

"ಇದನ್ನು ಹೀಗೆ ಕತ್ತರಿಸಿದ್ದು ಯಾವ ಕಾನೂನಿನ ಪ್ರಕಾರ?" ಎಂದು ಸಾರ್ಜೆಂಟ್ ಲೋಲಾಕ್ಷಿಯನ್ನು ಇಂಗ್ಲಿಷಿನಲ್ಲಿ ಕೇಳಿದಳು.

ಲೋಲಾಕ್ಷಿಗೆ ನೆಲ ಬಿರಿದು ಒಳಗೆ ಹೋಗುವಂತಾಯಿತು. "ಕ್ಯಾಲಿಫೋರ್ನಿಯಾ," ಎಂದಳು.

ಸಾರ್ಜೆಂಟ್ ಹಣೆ ಉಜ್ಜಿಕೊಂಡಳು. ಆಮೇಲೆ ಬಿಡಿಸಿ ಹೇಳಿದಳು. ಈ ರೈಫಲ್ಲಿನ ಹಿಡಿಯ ಬಗ್ಗೆಯಾಗಲಿ ಕೊಳವೆಯ ಬಗ್ಗೆಯಾಗಲಿ ಕೆನಡಾಕ್ಕೆ ತಕರಾರೇ ಇಲ್ಲ. ತಕರಾರಿರುವುದು ಮ್ಯಾಗಜಿನ್ನಿನ ಬಗ್ಗೆ. ಇಂಥದರಲ್ಲಿ ಐದು ಗುಂಡಿಗಿಂತ ಹೆಚ್ಚು ಹಿಡಿಯಬಾರದು. ಇದು ಹತ್ತು ಹಿಡಿಯುತ್ತದೆ. ಬೇಸಿಗೆಯಿಡೀ ಬೇಡದ್ದನ್ನೆಲ್ಲ ಕತ್ತರಿಸಿದ ಸೀನಪ್ಪ ಬೇಕಾದ್ದನ್ನೇ ಬಿಟ್ಟಿದ್ದ. ತಾನಾಗಿ ತಂದವನ ಮೇಲೆ ಕೇಸು ಹಾಕುವುದಿಲ್ಲ, ಈ ಮ್ಯಾಗಜಿನ್ ಮಾತ್ರ ವಾಪಸಿಲ್ಲ, ಐದು ಹಿಡಿಯುವುದನ್ನು ಅಂಗಡಿಯಿಂದ ತಂದು ತೋರಿಸಿ ರೈಫಲ್ ಒಯ್ಯಿರಿ ಎಂದಳು.

ಕಾರಿನಲ್ಲಿ ಲೋಲಾಕ್ಷಿಯ ಬಾಯಿ ತೆರೆದ ನಲ್ಲಿಯಾಯಿತು. ಸೀನಪ್ಪ ನಡುವೆ ಬಾಯಿ ಹಾಕಿ, "ಕೋವಿ ಇನ್ನು ಬರುದಿಲ್ಲ," ಎಂದ.

"ಮ್ಯಾಗಜಿನ್ ತಂದ್ರೆ ಕೊಡ್ತೇನೆ ಅಂದ್ಲಲ್ಲ!"

"ಅಪ್ಪನಿಗೂ ಹಾಗೇ ಹೇಳಿದ್ದು."

ಆಗ ಹೊರಬಂತು, ಇಷ್ಟು ವರ್ಷ ಬಾಯಿ ಬಿಡದಿದ್ದ ಸಂಗತಿ. ಒಂದು ಚುನಾವಣೆಗೆ ಅಪ್ಪ ಜ್ವರದಲ್ಲಿ ಮಲಗಿ ಕೋವಿ ಒಪ್ಪಿಸುವುದು ತಡವಾಯಿತು. ಪೊಲೀಸರು ಜೀಪಿನಲ್ಲಿ ಬಂದು ಕೋವಿಯನ್ನೂ ಅಪ್ಪನನ್ನೂ ಊರವರ ಕಣ್ಣೆದುರೇ ಒಯ್ದರು. ಅಪ್ಪ ಸಂಜೆಗೆ ಬಂದರು. ಕೋವಿ ಮಾತ್ರ 'ಎಲೆಕ್ಷನ್ ಮುಗೀಲಿ, ಕೊಡುವ' ಎಂದವರ ಬಳಿಯೇ ಉಳಿಯಿತು. ಅಪ್ಪ ಠಾಣೆಯ ಬೆಂಚಿನ ಮೇಲೆ ಕೂತು ಕೂತು ಬಂದರು. ಸಾಯುವವರೆಗೂ ಆಯುಧಪೂಜೆಗೆ ಮಣೆಯ ಮೇಲೆ ಕೋವಿಯ ಜಾಗವನ್ನು ಒರೆಸಿ ಖಾಲಿ ಬಿಟ್ಟು, ಆ ಖಾಲಿ ಜಾಗಕ್ಕೇ ಕುಂಕುಮ ಹಾಕುತ್ತಿದ್ದರು.

"ಇದನ್ನು ಮೊದ್ಲೇ ಹೇಳ್ಲಿಕ್ಕೆ ಎಂತ ಧಾಡಿ ನಿಮಗೆ?" ಎಂದಳು ಲೋಲಾಕ್ಷಿ. ಅವಳಿಗೆ ಅಳು ಬಂದಿತ್ತು; ಅಳು ಬರಿಸಿದನೆಂದು ಸಿಟ್ಟೂ ಬಂದಿತ್ತು.

ಸೀನಪ್ಪ ಅಂಗಡಿಗೆ ಹೋಗಲು ಒಪ್ಪಲೇ ಇಲ್ಲ. ಸೋಮವಾರ ಅವಳೇ ಕೆಲಸಕ್ಕೆ ರಜೆ ಹಾಕಿ ಬಂದೂಕಿನ ಅಂಗಡಿ ಹುಡುಕಿ, ಮೀಸೆಯ ಗಂಡಸರ ನಡುವೆ ನಿಂತು, ಐದರ ಮ್ಯಾಗಜಿನ್ ತಂದಳು. ಗಂಡನನ್ನು ಕಾರಿಗೆ ತುಂಬಿಕೊಂಡು ಠಾಣೆಗೆ ಹೋದಳು. ಸಾರ್ಜೆಂಟ್ ಅದನ್ನು ತಿರುಗಿಸಿ ನೋಡಿ, ಒಳಗೆ ಹೋಗಿ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟು, ಒಯ್ಯಬಹುದು ಎಂದಳು.

ಸೀನಪ್ಪ ಮುಟ್ಟಲಿಲ್ಲ. "ಬಟ್ ಮೇಡಮ್, ಎಲೆಕ್ಷನ್ ಈಸ್ ನಾಟ್ ಓವರ್," ಎಂದ.

ಸಾರ್ಜೆಂಟಿಗೆ ಅರ್ಥವಾಗಲಿಲ್ಲ. ಲೋಲಾಕ್ಷಿಗೆ ಆಯಿತು. ಅವಳು ಪೆಟ್ಟಿಗೆಯನ್ನು ಎತ್ತಿ ಅವನ ಕೈಗೆ ಕೊಟ್ಟಳು. ಅದನ್ನು ಹಿಡಿದುಕೊಂಡು ಅವನು ಬಾಗಿಲಿನವರೆಗೂ ಹಿಂದೆ ತಿರುಗಿ ತಿರುಗಿ ನೋಡುತ್ತ ನಡೆದ, ಯಾರಾದರೂ ಕರೆದಾರು ಎಂದು.

ಮನೆಯಲ್ಲಿ ಅವನು ಅಭ್ಯಾಸದಂತೆ ಬೇಸ್‌ಮೆಂಟಿನ ಮೆಟ್ಟಿಲಿಗೆ ಹೊರಳಿದ.

"ಎಲ್ಲಿಗೆ? ಇಲ್ಲಿ ತನ್ನಿ," ಎಂದಳು ಲೋಲಾಕ್ಷಿ. ಆಯುಧಪೂಜೆ ಕಳೆದು ತಿಂಗಳ ಮೇಲಾಗಿತ್ತು. ಆದರೂ ಮಣೆ ಹಾಕಿ, ಒರೆಸಿ, ಕುಂಕುಮದ ಬಟ್ಟಲು ತಂದಿಟ್ಟಳು.

"ಈಗ ಯಾವ ಪೂಜೆಯೇ?"

"ಅದೂ ಕ್ಯಾಲಿಫೋರ್ನಿಯಾಕ್ಕೆ ಫೋನ್ ಮಾಡಿ ಕೇಳ್ಬೇಕಾ? ಇಡಿ ಬೇಗ, ಅನ್ನ ತಣಿತದೆ."